ಎರೆಮಣ್ಣಿಗೆ ಬೇಕಾದ ಕಪ್ಪು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ದಿನಚರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನ ದಿನಗಳಿಂದ ಇದೆ. ಆದರೆ ದಿನಚರಿಯನ್ನೂ ಪೂರ್ತಿ ನಂಬುವಂತಿಲ್ಲ ಅನ್ನುವುದು ನಿವೃತ್ತಿಯಾದ ಮೇಲೆ ಹಳೆಯವನ್ನು ತೆಗೆದು ಓದಿದಾಗ ಗೊತ್ತಾಯಿತು. ಅಂದು ಏನು ಊಟ ಮಾಡಿದೆ, ಗಾಡಿ ಎಷ್ಟು ತಡವಾಗಿ ಬಂತು ಅಂತ ಬರೆದಿದ್ದೇನೆ. ಯಾವುದಕ್ಕೆ ಹೆದರಿದ್ದೆ ಅಂತ ಬರೆದಿಲ್ಲ. ನಾನು ಹೇಳಹೊರಟ ಕೌದಿಯ ಒಂದು ಬದಿಯಲ್ಲಿ ಸಂಜೆಯ ಹಳದಿ ಆಕಾಶ ಇತ್ತು ಎಂದು ನನ್ನ ನೆನಪು. ಆಕಾಶ ಎಲ್ಲೂ ಇರಲಿಲ್ಲ, ಅದು ಕುಸುಬಿ ಹೊಲ ಅನ್ನುತ್ತಾರೆ ಮಾರ್ಥಾ ವೈನಿ. ಅವರು ನನ್ನ ಅಣ್ಣನ ಹೆಂಡತಿ. ಈಗ ಬೀದರಿನ ಚಿದ್ರಿಯಲ್ಲಿ ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ಕೌದಿಯೂ ಇದೇ ಮನೆಯಲ್ಲಿದೆ, ಬಿಚ್ಚಿ ನೋಡಿ ತೀರ್ಮಾನಿಸಬಹುದಿತ್ತು. ಆದರೆ ಆ ಹಳದಿ ಎಂದೋ ಬಿಳಿಚಿಕೊಂಡಿದೆ, ಈಗ ಅದು ಆಕಾಶವೂ ಅಲ್ಲ, ಕುಸುಬಿಯೂ ಅಲ್ಲ.

ಮೂವತ್ತಕ್ಕೂ ಹೆಚ್ಚು ವರ್ಷ ನಾನು ಹಳ್ಳಿಯ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಸರ್ಕಾರಿ ಕೆಲಸದಲ್ಲಿದ್ದೆ, ಅವರು ನನ್ನನ್ನು ಬಾಯಾರು ಅನ್ನುತ್ತಿದ್ದರು. ಈಗ ಅಂಥದೇ ಕೆಲಸಕ್ಕೆ ಸೇರುವ ಹುಡುಗಿಯರು ಆಗಾಗ ಬಂದು ನನ್ನ ಅನುಭವ ಕೇಳುತ್ತಾರೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಅನ್ನುವುದರಿಂದ ಅವರಿಗೆ ಉಪಯೋಗವಿಲ್ಲ. ಈ ಕೆಲಸದಲ್ಲಿ ಸದಾ ಒಂದು ಹೆದರಿಕೆ ಇರುತ್ತದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಾನು ಅದನ್ನೇ ಹೇಳುತ್ತೇನೆ.

ನಾನು ಸೇರಿದ್ದು ಹೈದರಾಬಾದ್ ರಾಜ್ಯದ ಕೊನೆಯ ವರ್ಷಗಳಲ್ಲಿ, ಭಾಲ್ಕಿಯ ಹೊಲಿಗೆ ಕೇಂದ್ರಕ್ಕೆ. ಆಗಿನ ಮೇಲಧಿಕಾರಿಯನ್ನು ನಾವೆಲ್ಲ ಬೇಗಂ ಸಾಹೇಬಾ ಅನ್ನುತ್ತಿದ್ದೆವು. ಅವರು ತಪಾಸಣೆಗೆ ಬಂದರೆ ಬಟ್ಟೆಯ ಹೊರಮೈ ನೋಡುತ್ತಲೇ ಇರಲಿಲ್ಲ. ತಿರುವಿ ಹಾಕಿ ಒಳಹೊಲಿಗೆಯ ಮೇಲೆ ಉಗುರು ಎಳೆಯುತ್ತಿದ್ದರು. ಒಂದು ದಾರ ಉಗುರಿಗೆ ಸಿಕ್ಕರೂ ಇಡೀ ಬಟ್ಟೆ ಬಿಚ್ಚಬೇಕು. ಆ ಉಗುರಿನ ಸದ್ದು ನನಗೆ ಈಗಲೂ ಕೇಳುತ್ತದೆ. ಹಾಗಂತ ಅವರ ಮೇಲೆ ಸಿಟ್ಟಿಲ್ಲ. ಒಳಮೈ ನೋಡುವುದನ್ನು ಅವರಿಂದಲೇ ಕಲಿತೆ.

ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ಎಲ್ಲವೂ ಒಮ್ಮೆಲೇ ಬದಲಾಗಲಿಲ್ಲ, ಬಿಡಿಬಿಡಿಯಾಗಿ ಬದಲಾಯಿತು, ಅದೇ ಹೆಚ್ಚು ಕಷ್ಟವಾಯಿತು. ಗಜ ಮತ್ತು ಗಿರಹದಲ್ಲಿ ಅಳೆಯುತ್ತಿದ್ದ ನಾವು ಇಂಚಿಗೆ ಬಂದೆವು, ಇಂಚು ಕೈಗೆ ಕೂರುವಷ್ಟರಲ್ಲಿ ಸೆಂಟಿಮೀಟರು ಬಂತು. ಉರ್ದುವಿನಲ್ಲಿ ಅಚ್ಚಾದ ಖಾಲಿ ನಮೂನೆಗಳು ಹೊರೆಗಟ್ಟಲೆ ಉಳಿದಿದ್ದವು. ಅಳತೆ ಹಾಕಿ ಕತ್ತರಿಸಲು ಕಾಗದ ಬೇಕಲ್ಲ, ನಾನು ಅವನ್ನು ಕೇಳಿ ತೆಗೆದುಕೊಂಡು ಔರಾದಿಗೆ ಹೋದೆ. ಅಲ್ಲಿನ ಶಿಬಿರದಲ್ಲಿ ಕೂಸಿನ ಝಬಲಾದ ತೋಳು ಕತ್ತರಿಸುವುದನ್ನು ತೋರಿಸುತ್ತಿದ್ದಾಗ ಬಾಗಿಲಲ್ಲಿ ಜನ ಸೇರಿತು. ರಾಜ್ಯ ಬದಲಾಯಿತು, ಹೊಲದ ಹಳೆಯ ಕಾಗದ ಎಲ್ಲಾ ಕತ್ತರಿಸಿ ಒಗೆಯುತ್ತಿದ್ದಾರೆ ಅಂತ ಊರಲ್ಲಿ ಸುದ್ದಿ ಹಬ್ಬಿತ್ತು. ಖಾಲಿ ಕಾಗದ ಅಂತ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಕೊನೆಗೆ ಒಬ್ಬ ಮುದುಕ ಒಳಗೆ ಬಂದು, ನೆಲದಲ್ಲಿ ಬಿದ್ದಿದ್ದ ತೋಳುಗಳನ್ನೆಲ್ಲ ಆರಿಸಿ, ಬಿಸಿಲಿಗೆ ಹಿಡಿದು ಓದಿ, "ಇದರಾಗ ನಮ್ಮ ಯಾರ ಹೆಸರೂ ಇಲ್ಲ, ಬಾಯಾರು ಕತ್ತರಿಸ್ಲಿ ಬಿಡ್ರಿ" ಅಂದಮೇಲೆ ಜನ ಚದುರಿದರು. ಅಂದಿನಿಂದ ಅಕ್ಷರ ಇರುವ ಕಾಗದವನ್ನು ಹಳ್ಳಿಯಲ್ಲಿ ಕತ್ತರಿಸಿಲ್ಲ.

ಹೊಸ ಮೇಲಧಿಕಾರಿಯಾಗಿ ಮೈಸೂರು ಕಡೆಯಿಂದ ಸರೋಜಮ್ಮನವರು ಬಂದರು. ಅವರಿಗೆ ನಮ್ಮ ಮಾತು ಅರ್ಥವಾಗುತ್ತಿರಲಿಲ್ಲ, ನಮ್ಮ ಬಿಸಿಲು ತಡೆಯುತ್ತಿರಲಿಲ್ಲ. ವರದಿಗಳನ್ನು ಇನ್ನು ಕನ್ನಡದಲ್ಲೇ ಕಳಿಸಬೇಕೆಂದು ಆಜ್ಞೆಯಾಯಿತು. ನಾನು ಓದಿದ್ದು ಉರ್ದುವಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಕನ್ನಡ ಓದಿ ಗೊತ್ತಿದ್ದದ್ದು ಮನೆಯ ಬೈಬಲ್ಲಿನಿಂದ. ಅದೇ ಧಾಟಿಯಲ್ಲಿ, ಇಗೋ, ಭಾಲ್ಕಿಯಲ್ಲಿ ಹೊಲಿಯುವ ಸ್ತ್ರೀಯರು ಬಹಳವಾಗಿ ಹೆಚ್ಚಿದ್ದಾರೆ ಎಂದು ಮೊದಲ ವರದಿ ಬರೆದೆ. ಸರೋಜಮ್ಮ ಅದನ್ನು ಕಚೇರಿಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿದರು. ಅವಮಾನ ಮಾಡಲಿಕ್ಕಲ್ಲ, ಅವರಿಗೆ ನಿಜವಾಗಿಯೂ ಖುಷಿಯಾಗಿತ್ತು. ಆದರೆ ಈ ರಾಜ್ಯದಲ್ಲಿ ನನ್ನ ಕೆಲಸ ಉಳಿಯುವುದಿಲ್ಲ ಅಂತ ಅಂದು ಅನ್ನಿಸಿದ್ದು ಬಹಳ ಕಾಲ ಹೋಗಲಿಲ್ಲ.

ಮನೆಯ ವಿಷಯವನ್ನೂ ಇಲ್ಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನನ್ನ ಅಣ್ಣ ಹೈದರಾಬಾದಿನಲ್ಲಿ ಗುಮಾಸ್ತನಾಗಿದ್ದ. ರಾಜ್ಯ ಮೂರು ಪಾಲಾದಾಗ ನೌಕರರನ್ನೂ ಹಂಚಿದರು. ನಾನು ಮೈಸೂರಿನ ಪಾಲಿಗೆ ಬಂದೆ, ಅಣ್ಣ ಆಂಧ್ರದ ಪಾಲಿಗೆ. ಅರ್ಜಿ ಹಾಕಿ ಈ ಕಡೆ ಬರುತ್ತೇನೆ ಅಂತ ಹೇಳಿ ಹೋದವನು ಬರಲಿಲ್ಲ. ಅರ್ಜಿ ಹಾಕಿದನೋ ಇಲ್ಲವೋ ಗೊತ್ತಿಲ್ಲ. ವೈನಿ ಭಾಲ್ಕಿ ತಾಲ್ಲೂಕಿನ ಮೆಹಕರದ ನಮ್ಮ ಮನೆಯಲ್ಲಿ ಉಳಿದರು. ಅಣ್ಣ ಕಚೇರಿಗೆ ಹಾಕುತ್ತಿದ್ದ ಕಪ್ಪು ಶೇರ್ವಾನಿ ಟ್ರಂಕಿನಲ್ಲಿತ್ತು. ಮುಂದಿನ ಸಲ ಬಂದಾಗ ಒಯ್ಯುತ್ತೇನೆ ಅಂದಿದ್ದ. ವೈನಿ ಅದನ್ನು ಬೇವಿನ ಎಲೆ ಹಾಕಿ ಇಟ್ಟು, ಪ್ರತಿ ಚಳಿಗಾಲ ಬಿಸಿಲಿಗೆ ಹಾಕಿ, ಕೈಯಿಂದ ತಟ್ಟಿ ಮಡಿಚಿಡುತ್ತಿದ್ದರು. ಆ ಮುಂದಿನ ಸಲ ಯಾವಾಗ ಅಂತ ನಾವಿಬ್ಬರೂ ಬಾಯಿಬಿಟ್ಟು ಮಾತಾಡುತ್ತಿರಲಿಲ್ಲ. ಅವನು ಬರುತ್ತಾನೋ ಇಲ್ಲವೋ ಅನ್ನುವುದರ ಮೇಲೆ ಅವರ ಬದುಕು ನಿಂತಿತ್ತು. ಮಕ್ಕಳಿರಲಿಲ್ಲ. ಆ ಟ್ರಂಕು ನೋಡಿದರೆ ನನಗೆ ಅಳುಕು.

ಅಷ್ಟರಲ್ಲಿ ಮೈಸೂರಿನ ಒಂದು ಪ್ರದರ್ಶನಕ್ಕೆ ಹೊಸ ಜಿಲ್ಲೆಗಳಿಂದ ಕೈಕೆಲಸದ ವಸ್ತು ಕಳಿಸಬೇಕೆಂಬ ಸೂಚನೆ ಬಂತು. ನವಿಲಿನ ಕಸೂತಿ ಇರುವ ಮೇಜುಹೊದಿಕೆ ಆಗಬಹುದೆಂದು ಸರೋಜಮ್ಮನ ಅಭಿಪ್ರಾಯ. ನಮ್ಮ ಹೆಂಗಸರಿಗೆ ಮೇಜೂ ಇಲ್ಲ, ಕಸೂತಿಯೂ ಬಾರದು. ಅವರಿಗೆ ಬರುವುದು ಕೌದಿ. ಹಳೆ ಸೀರೆ ಹಾಸಿ, ಅದರ ಮೇಲೆ ಹರಿದ ಬಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ, ಮೇಲೆ ತೇಪೆಗಳನ್ನಿಟ್ಟು, ಅಂಚಿನಿಂದ ಒಳಕ್ಕೆ ಉದ್ದುದ್ದ ಟಾಕಿ, ಅಂದರೆ ಹೊಲಿಗೆ, ಹಾಕುತ್ತ ಬರುವುದು. ಬೀದರಿನಿಂದ ಭಾಲ್ಕಿಗೆ ಹೋಗುವಾಗ ದಿಣ್ಣೆ ಇಳಿಯುವ ಕಡೆ ಕೆಳಗಿನ ಹೊಲಗಳು ಒಮ್ಮೆಲೇ ಕಾಣುತ್ತವೆ. ಕೆಂಪು ಮುರ್ರಂ ಮಣ್ಣು, ಹೆಸರು ಬೆಳೆಯ ಹಸಿರು, ಬಿತ್ತನೆಗೆ ಕಾದಿರುವ ಎರೆಮಣ್ಣಿನ ಕಪ್ಪು, ಎಲ್ಲಾ ಪಟ್ಟಿಪಟ್ಟಿ. ಅದನ್ನೇ ಕೌದಿ ಮಾಡಿದರೆ ಹೇಗೆ ಅನ್ನಿಸಿತು. ನವಿಲಿಲ್ಲ, ಹೂವಿಲ್ಲ, ಮನೆಯಿಲ್ಲ, ಮನುಷ್ಯರಿಲ್ಲ. ಬರೀ ನೆಲ ಮತ್ತು ಬೆಳೆಯ ಬಣ್ಣ. ಹೀಗೊಂದು ಕಲೆ ಹೊರಗೆಲ್ಲೋ ಇದೆ ಅಂತ ಕಾಲೇಜಿನ ಗ್ರಂಥಾಲಯದಲ್ಲಿ ನೋಡಿದ್ದೆ. ಅದರ ಧೈರ್ಯದ ಮೇಲೆ ಕೌದಿಯನ್ನೇ ಕಳಿಸುತ್ತೇನೆ ಅಂತ ಸರೋಜಮ್ಮನಿಗೆ ಒಪ್ಪಿಕೊಂಡೆ. ಒಪ್ಪಿಕೊಂಡ ಮರುಗಳಿಗೆಯಿಂದ ನಿದ್ದೆ ಬರಲಿಲ್ಲ.

ಮೆಹಕರದ ನಮ್ಮ ಪಡಸಾಲೆಯಲ್ಲಿ ಕೆಲಸ ಶುರುವಾಯಿತು. ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಮುಂದಾಳು ತುಳಜಾಬಾಯಿ, ನಮ್ಮ ಓಣಿಯ ಒಕ್ಕಲು ಹೆಂಗಸು. ಅವಳ ನಾಲಿಗೆಗೆ ಹೆದರದವರು ಊರಲ್ಲಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಹೊಲ ಮಾಡಿ ಅಂದೆ. ಅದು ನನ್ನ ಯೋಜನೆ, ಅದರಲ್ಲೇ ತಪ್ಪಾಯಿತು. ಕೌದಿಗೆ ಹೆಂಗಸರು ನಾಲ್ಕೂ ಕಡೆ ಕೂತು ಹೊಲಿಯುತ್ತಾರೆ. ಪ್ರತಿಯೊಬ್ಬಳೂ ತನ್ನ ಮುಂದೆ ಬದು, ಅದರಾಚೆ ಬೆಳೆ, ಅದರಾಚೆ ದೂರದ ನೆಲ ಅಂತ ಇಡುತ್ತ ಹೋದಳು. ಎರಡನೆಯ ವಾರ ನೋಡಿದರೆ ನಾಲ್ಕು ದಿಕ್ಕಿನಿಂದ ನಾಲ್ಕು ಊರು ಬಂದು ಮಧ್ಯದಲ್ಲಿ ಡಿಕ್ಕಿ ಹೊಡೆದಂತಿತ್ತು. ಯಾವ ಕಡೆ ನಿಂತರೂ ಮೂರು ಪಾಲು ಅಡ್ಡ ಇಲ್ಲವೇ ತಲೆಕೆಳಗು. ಮೇಲೆ ಕೆಳಗೆ ಅಂತ ಒಂದು ಬೇಡವೇ ಅಂತ ಕೇಳಿದೆ.

"ಹೊದ್ದು ಮಲಗಿದಾಗ ಮ್ಯಾಲೇನು ಕೆಳಗೇನ್ರಿ ಬಾಯಾರ" ಅಂದಳು ತುಳಜಾಬಾಯಿ. "ನಿಮಗ ಯಾವ ಕಡಿ ತಲಿ ಹಾಕಬೇಕಂತದ ಆ ಕಡಿ ಹಾಕ್ರಿ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅದನ್ನು ಗೋಡೆಗೆ ನೇತು ಹಾಕುತ್ತಾರೆ ಅಂತ ಅವರಿಗೆ ಹೇಳುವುದೇ ಮರೆತಿದ್ದೆ.

ಇನ್ನೊಂದು ಚಿಂತೆ ಕಪ್ಪಿನದು. ಎರೆಮಣ್ಣಿಗೆ ಬೇಕಾದ ಕಪ್ಪು ಎಲ್ಲೂ ಸಿಗಲಿಲ್ಲ. ಹಳೆ ಕಪ್ಪು ಸೀರೆಗಳು ಒಗೆದು ಒಗೆದು ಕಂದು ಆಗಿದ್ದವು. ಭಾಲ್ಕಿಯ ಅಂಗಡಿಯಿಂದ ತಂದದ್ದು ಮಿರಮಿರ ಮಿಂಚಿತು. ತುಳಜಾಬಾಯಿ ಅದನ್ನು ಎರಡು ಬೆರಳಲ್ಲಿ ಎತ್ತಿ, "ಇದು ಎರಿ ಅಲ್ಲರಿ, ಛತ್ರಿ ಅರಿವಿ. ಇದರಾಗ ಜ್ವಾಳ ಬಿತ್ತಿದ್ರ ಜಾರಿ ಹೋಗ್ತದ" ಅಂದಳು. ನಾನು ಪ್ರತಿ ವಾರ ಕಪ್ಪು ಕಪ್ಪು ಅಂತ ಗೋಗರೆಯುತ್ತಿದ್ದೆ. ಬೆಳಕನ್ನು ಹಿಂದಕ್ಕೆ ಕಳಿಸದೆ ಒಳಗೆ ಎಳೆದುಕೊಳ್ಳುವಂಥ ಕಪ್ಪು ಬೇಕು, ಅದಿಲ್ಲದಿದ್ದರೆ ಉಳಿದ ಬಣ್ಣಗಳು ನಿಲ್ಲುವುದಿಲ್ಲ ಅಂತ ಉಪನ್ಯಾಸ ಮಾಡುತ್ತಿದ್ದೆ. ವೈನಿ ಒಂದು ಮೂಲೆಯಲ್ಲಿ ಕೂತು ಹೊಲಿಯುತ್ತ ಕೇಳಿಸಿಕೊಳ್ಳುತ್ತಿದ್ದರು.

ಒಂದು ವಾರ ಹೋದಾಗ ಕಪ್ಪು ಬಂದಿತ್ತು. ಒಂದು ಅಂಚಿನ ಉದ್ದಕ್ಕೂ ಅಗಲವಾದ ಪಟ್ಟಿ, ಗಟ್ಟಿ ಬಟ್ಟೆ, ಮಳೆ ಬಿದ್ದು ಆರಿದ ಎರೆಯ ಹಾಗೆ. ಕೌದಿಯೇ ಬೇರೆಯಾಗಿ ಕಂಡಿತು. ಕೆಂಪು ಹೊತ್ತಿಕೊಂಡಿತ್ತು, ಹಸಿರು ತಣ್ಣಗಾಗಿತ್ತು. ಎಲ್ಲಿಂದ ಬಂತು ಅಂತ ನಾನು ಕೇಳಲಿಲ್ಲ ಅಂತ ನೆನಪು. ಕೇಳಿದ್ದಿ, ನಾ ಮನ್ಯಾಗಿತ್ತು ಅಂದಿನಿ ಅನ್ನುತ್ತಾರೆ ವೈನಿ. ದಿನಚರಿಯಲ್ಲಿ ಇರುವುದು ಒಂದೇ ಸಾಲು, ಕಪ್ಪು ಸಿಕ್ಕಿತು, ದೇವರಿಗೆ ಸ್ತೋತ್ರ.

ಕೌದಿ ಮುಗಿದಾಗ ನಾಲ್ಕು ಮೂಲೆಗೂ ಚಿಕ್ಕ ತ್ರಿಕೋನದ ಬಟ್ಟೆ ಹೊಲಿದರು. ಅದಕ್ಕೆ ತುತ್ತು ಅನ್ನುತ್ತಾರೆ. ಕೌದಿ ಹಸಿದಿರಬಾರದು ಅಂತ ಒಂದು ಮೂಲೆಗೆ ಹೋಳಿಗೆಯ ಚೂರನ್ನೂ ಮುಟ್ಟಿಸುತ್ತಾರೆ. ಅಂದು ಒಬ್ಬಳು ಮುಟ್ಟಿಸಿ ಬಿಡುವ ಬದಲು ಚೂರನ್ನು ತುತ್ತಿನೊಳಗೇ ಇಟ್ಟು ಹೊಲಿದುಬಿಟ್ಟಿದ್ದಳು. ದಾರಿಯಲ್ಲಿ ಇರುವೆ ಕಂಡು, ಭಾಲ್ಕಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬಿಚ್ಚಿ, ಚೂರು ತೆಗೆದು ಮತ್ತೆ ಹೊಲಿದೆ. ಕೈಗೆ ಸೂಜಿ ಚುಚ್ಚಿತು. ರಕ್ತದ ಕಲೆ ಬಿದ್ದಿದ್ದರೆ ಅಂತ ಬೀದರ್ ಬರುವವರೆಗೂ ಮಡಿಕೆ ಬಿಚ್ಚಿ ಬಿಚ್ಚಿ ನೋಡುತ್ತಿದ್ದೆ.

ಬೀದರಿನ ಕಚೇರಿಯಲ್ಲಿ ಅದನ್ನು ಗೋಡೆಗೆ ಮೊಳೆ ಹೊಡೆದು ಹಾಕಿದರು. ತುಳಜಾಬಾಯಿಯೂ ನನ್ನ ಜೊತೆ ಬಂದಿದ್ದಳು. ಸರೋಜಮ್ಮ ಹಿಂದೆ ಸರಿದು, ಮುಂದೆ ಬಂದು, ತಲೆ ಓರೆ ಮಾಡಿ ನೋಡಿದರು.

"ಚೆನ್ನಾಗಿದೆ ಕಣ್ರೀ. ಆದ್ರೆ ಏನಿದು? ಯಾವ ಕಡೆ ಮೇಲೆ?"

ಅವರು ಹತ್ತಿರ ಹೋಗಿ ಕಪ್ಪು ಪಟ್ಟಿಯ ಮೇಲೆ ಬೆರಳಿಟ್ಟರು. ಅಲ್ಲಿ ಸಾಲಾಗಿ ಐದೋ ಆರೋ ಸೀಳುಗಳಿದ್ದವು, ಅಂಚಿಗೆ ರೇಷ್ಮೆ ದಾರದ ಹೊಲಿಗೆ. ಇವು ಯಾಕೆ ಅಂದರು.

"ಕೂರಿಗಿ ಕಾಳು ಬಿದ್ದ ಕುಣಿ ಅವರಿ" ಅಂದಳು ತುಳಜಾಬಾಯಿ, ಸ್ವಲ್ಪವೂ ತಡವರಿಸದೆ.

ಅವು ಗುಂಡಿಯ ಕಾಜಾಗಳು. ನೆಲದಲ್ಲಿ ಹಾಸಿದ್ದಾಗ ನಾನು ಬಣ್ಣ ನೋಡಿದ್ದೆ, ಹತ್ತಿರ ನೋಡಿರಲಿಲ್ಲ. ಗೋಡೆಯ ಮೇಲೆ ಕಣ್ಣಿನ ಮಟ್ಟಕ್ಕೆ ಬಂದಾಗ ಗೊತ್ತಾಯಿತು. ಅಣ್ಣನ ಶೇರ್ವಾನಿಯ ಮುಂಭಾಗ ಬೀದರಿನ ಕಚೇರಿಯ ಗೋಡೆಗೆ ತೂಗುತ್ತಿತ್ತು. ಸರೋಜಮ್ಮ ಹೊಗಳುತ್ತಿದ್ದರು, ನಾನು ಕಾಜಾಗಳನ್ನು ಎಣಿಸುತ್ತಿದ್ದೆ.

ಅದರ ಮರುದಿನವೋ ಮುಂದಿನ ವಾರವೋ, ಭಾನುವಾರದ ಆರಾಧನೆ ಮುಗಿದ ಮೇಲೆ ಮೆಹಕರಕ್ಕೂ ಹೋಗಿ ಬರುತ್ತಿದ್ದ ನಮ್ಮ ಪಾಸ್ಟರ್ ಸಾಹೇಬರು ನನ್ನನ್ನು ಕರೆದರು. ಅವರು ಹೈದರಾಬಾದಿಗೆ ಹೋದಾಗ ಅಣ್ಣ ಸಿಕ್ಕಿದ್ದನಂತೆ. ಕ್ರಿಸ್ಮಸ್ಸಿಗೆ ಬರುತ್ತೇನೆ, ಶೇರ್ವಾನಿ ತೆಗೆದಿಡಲಿ ಅಂದಿದ್ದನಂತೆ. ಮಾರ್ಥಾಗ ಹೇಳೀನಿ, ಖುಷಿ ಆಗ್ಯಾಳ ಅಂದರು. ಯಾವಾಗ ಹೇಳಿದಿರಿ ಅಂತ ಆಗ ಕೇಳಲು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಇದನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲವೇನೋ. ಅವರು ತೀರಿಕೊಂಡು ಬಹಳ ವರ್ಷವಾಯಿತು.

ಅಂದು ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಇಷ್ಟು ದಿನ ಬರದವನು ಬರುತ್ತಿದ್ದಾನೆ, ಬಂದು ಕೇಳುವ ಮೊದಲ ವಸ್ತು ಚೂರಾಗಿದೆ. ಸಿಟ್ಟಾಗಿ ತಿರುಗಿ ಹೋದರೆ ಇನ್ನೆಂದೂ ಬರುವುದಿಲ್ಲ. ಮೆಹಕರಕ್ಕೆ ಹೋದೆ. ಕೌದಿ ಇನ್ನೂ ಬೀದರಿನಲ್ಲೇ ಇದೆ, ಕಪ್ಪು ಬಿಚ್ಚಿಸಿ ತರುತ್ತೇನೆ, ತುಂಡು ಜೋಡಿಸಿ ಹೇಗಾದರೂ ನಿಲ್ಲಿಸೋಣ ಅಂದೆ. ವೈನಿ ರೊಟ್ಟಿ ಬಡಿಯುತ್ತಿದ್ದರು. ಬಡಿಯುವುದನ್ನು ನಿಲ್ಲಿಸಲಿಲ್ಲ.

"ಹೊಲಿದದ್ದು ಬಿಚ್ಚಬ್ಯಾಡ, ಸುಶೀಲಾ."

ಅಷ್ಟೇ ಅಂದರು. ಆದರೂ ನಾನು ಅಂಥದೇ ಹೊಸದೊಂದು ಹೊಲಿಸೋಣ ಅಂತ ಬೀದರಿಗೆ ಬಂದು ಶೇರ್ವಾನಿ ಹೊಲಿಯುವ ಒಬ್ಬ ಹಳೆಯ ಮಾಸ್ತರನ ಅಂಗಡಿಗೆ ಹೋದೆ. ಅಳತೆ ಕೇಳಿದ. ಅಳತೆ ಕೊಡಬೇಕಾದವನು ಹೈದರಾಬಾದಿನಲ್ಲಿದ್ದಾನೆ ಅಂದೆ. ನೀವು ಹೊಲಿಗೆ ಕಲಿಸುವವರು ಅಂತ ಕೇಳಿದ್ದೆ ಅಂತ ಹೇಳಿ ಅವನು ಬೇರೆ ಗಿರಾಕಿಯ ಕಡೆ ತಿರುಗಿದ. ಮೂರನೆಯ ದಾರಿ, ಸರೋಜಮ್ಮನ ಬಳಿ ಹೋಗಿ ಕೌದಿ ಕಳಿಸಬೇಡಿ ಅನ್ನುವುದು. ಹೋದೆ. ಆಗಲೇ ಪೆಟ್ಟಿಗೆಗೆ ಗೋಣಿ ಸುತ್ತಿ ಹೊಲಿದಿದ್ದರು. ಅದರ ಮುಂದೆ ನಿಂತು, ಹುಳ ಹಿಡಿಯದ ಹಾಗೆ ಬೇವಿನ ಎಲೆ ಹಾಕಿದ್ದೀರಾ ಅಂತ ಕೇಳಿ ಬಂದೆ.

ಕ್ರಿಸ್ಮಸ್ಸಿಗೆ ಅಣ್ಣ ಬಂದ. ಪ್ಯಾಂಟು, ಬುಶ್‌ಕೋಟು, ಕೈಗಡಿಯಾರ. ಗುರುತು ಸಿಗದಷ್ಟು ತೆಳ್ಳಗಾಗಿದ್ದ. ನಾನು ರಜೆ ಹಾಕಿ ಮೆಹಕರದಲ್ಲೇ ಇದ್ದೆ, ಜಗಳವಾದರೆ ನಡುವೆ ನಿಲ್ಲಬೇಕು ಅಂತ. ಊಟಕ್ಕೆ ಕೂತವನು ಟ್ರಂಕಿನ ಕಡೆ ನೋಡಿ, ಶೇರ್ವಾನಿ ಬಿಸಿಲಿಗೆ ಹಾಕೀರೇನು ಅಂದ.

"ಅದು ಮೈಸೂರಿಗೆ ಹೋಗ್ಯಾದ" ಅಂದರು ವೈನಿ.

ಅಣ್ಣನಿಗೆ ಅರ್ಥವಾಗಲಿಲ್ಲ. ನಾನು ಗಡಿಬಿಡಿಯಲ್ಲಿ ಪ್ರದರ್ಶನ, ಎರೆಮಣ್ಣು, ಕಪ್ಪು ಬಟ್ಟೆಯ ಅಭಾವ ಎಲ್ಲಾ ಹೇಳಿದೆ. ಅವನು ಕೈಯಲ್ಲಿದ್ದ ತುತ್ತನ್ನು ತಿಂದು ಮುಗಿಸಿದ. ಆಮೇಲೆ ನಕ್ಕ.

"ಛಲೋ ಆಯ್ತು ಬಿಡು. ನಾ ಸೇರದ ರಾಜ್ಯಕ್ಕ ನನ್ನ ಶೇರ್ವಾನಿನರ ಸೇರ್ತು."

ಸಿಟ್ಟಾಗಲಿಲ್ಲ. ಎರಡು ದಿನ ಇದ್ದು ಹೋದ. ನನಗೆ ಹೋದ ಜೀವ ಬಂದಂತಾಗಿತ್ತು, ಬಸ್ ನಿಲ್ದಾಣದವರೆಗೆ ಮಾತಾಡುತ್ತ ಹೋದೆ. ಅವನ ಕೈಯಲ್ಲಿ ಚೀಲ ಒಂದೇ ಇತ್ತು, ಖಾಲಿಯಾಗಿತ್ತು. ಯಾವುದನ್ನು ಒಯ್ಯಲು ಬಂದಿದ್ದನೋ ಅದು ಅದರಲ್ಲಿರಲಿಲ್ಲ. ಆ ಮೇಲೆ ಅವನು ಮದುವೆ ಮಣ್ಣಿಗೆ ಬಂದು ಹೋದ, ಇರಲಿಕ್ಕೆ ಬರಲಿಲ್ಲ. ಶೇರ್ವಾನಿ ಟ್ರಂಕಿನಲ್ಲಿದ್ದರೆ ಆ ಸಲ ಒಯ್ದು ಅಲ್ಲಿಗೆ ಮುಗಿಸುತ್ತಿದ್ದನೋ, ಅಥವಾ ಅದನ್ನು ತೊಟ್ಟು ಮನೆಯಲ್ಲಿ ಕೂರುತ್ತಿದ್ದನೋ, ನಾನು ಎರಡನ್ನೂ ಬಹಳ ಸಲ ಊಹಿಸಿದ್ದೇನೆ.

ಬೇಸಿಗೆಯಲ್ಲಿ ಕೌದಿ ಮರಳಿ ಬಂತು. ನೇತುಹಾಕಲು ಒಂದು ಅಂಚಿಗೆ ಉಂಗುರ ಹೊಲಿದಿದ್ದರು. ಅದರಿಂದ ತಿಳಿಯಿತು, ಮೈಸೂರಿನವರು ಕಪ್ಪನ್ನೇ ಮೇಲೆ ಮಾಡಿದ್ದರು. ಪಿನ್ನು ಚುಚ್ಚಿದ್ದ ಚೀಟಿಯಲ್ಲಿ ಬೀದರಿನ ರಾತ್ರಿ ಎಂದಿತ್ತು. ಗುಂಡಿ ಕಾಜಾಗಳನ್ನು ನೋಡಿ ನಕ್ಷತ್ರಗಳು ಅಂತ ಜನ ಮೆಚ್ಚಿಕೊಂಡರಂತೆ. ಸರೋಜಮ್ಮ ಹೆಮ್ಮೆಯಿಂದ ಹೇಳಿದರು. ಅವರು ವರ್ಗವಾಗಿ ಹೋಗುವಾಗ ಕೌದಿಯನ್ನು ಕೇಂದ್ರದಲ್ಲಿ ಇಡುವುದು ಬೇಡ, ಹೊಲಿದವರಿಗೇ ಕೊಡಿ ಅಂತ ಬರೆದು ಹೋದರು. ಹೆಂಗಸರು ಸೇರಿ ವೈನಿಗೆ ಕೊಟ್ಟರು. ವೈನಿ ಮೊದಲು ಮಾಡಿದ ಕೆಲಸ, ಮೈಸೂರಿನಲ್ಲಿ ಉಪವಾಸ ಇತ್ತು ಅಂತ ಅಂದು ನಾಲ್ಕೂ ಮೂಲೆಗೆ ಹೋಳಿಗೆ ಮುಟ್ಟಿಸಿದ್ದು. ಆಮೇಲೆ ಉಂಗುರಗಳನ್ನು ಕಿತ್ತರು.

ಅಂದಿನಿಂದ ಅದನ್ನು ಹೊದ್ದು ಮಲಗುತ್ತಾರೆ. ಕಪ್ಪು ಒಮ್ಮೊಮ್ಮೆ ಕಾಲ ಕಡೆ ಇರುತ್ತದೆ, ಒಮ್ಮೊಮ್ಮೆ ಕೊರಳ ಕಡೆ. ಅದರಲ್ಲಿ ಏನಾದರೂ ಅರ್ಥವಿದೆಯೋ ಅಂತ ನಾನು ಗಮನಿಸಿದ್ದೇನೆ. ಗೊತ್ತಾಗಿಲ್ಲ.

ಹೊಸದಾಗಿ ಸೇರುವ ಹುಡುಗಿಯರಿಗೆ ನಾನು ಹೇಳುವುದು ಇಷ್ಟು. ಹೆಂಗಸರು ತರುವ ಬಟ್ಟೆಯನ್ನು ಎರಡೂ ಕಡೆ ತಿರುವಿ ನೋಡಿ. ಬಣ್ಣ ಸಿಕ್ಕಿತಲ್ಲ ಅಂತ ಸಂತೋಷಪಡುವ ಮೊದಲು ಅದು ಏನಾಗಿತ್ತು ಅಂತ ಕೇಳಿ. ಕೇಳಿದರೂ ಹೇಳುತ್ತಾರೆ ಅನ್ನುವಂತಿಲ್ಲ.

ಕಳೆದ ಚಳಿಗಾಲ ಚಿದ್ರಿಯ ಮನೆಯ ಮಾಳಿಗೆಯ ಮೇಲೆ ಇಬ್ಬರೂ ಕೌದಿಯನ್ನು ಬಿಸಿಲಿಗೆ ಹರವುತ್ತಿದ್ದೆವು. ವೈನಿ ಹಳೆಯ ಅಭ್ಯಾಸದಂತೆ ಕಪ್ಪು ಪಟ್ಟಿಯನ್ನು ಕೈಯಿಂದ ತಟ್ಟಿ ಧೂಳು ಹಾರಿಸುತ್ತಿದ್ದರು. ಇಷ್ಟು ವರ್ಷ ನಾಲಿಗೆಯ ಮೇಲಿದ್ದದ್ದು ಅಂದು ಹೊರಗೆ ಬಂತು.

"ವೈನಿ, ಪಾಸ್ಟರ್ ಸಾಹೇಬರು ಅಣ್ಣ ಬರೂ ಸುದ್ದಿ ತರೂಕಿಂತ ಮೊದಲ ಇದನ್ನ ಕತ್ತರಿಸಿದ್ರೇನ್ರಿ, ತಂದ ಮ್ಯಾಲ ಕತ್ತರಿಸಿದ್ರೇನ್ರಿ?"